ಉಸ್ಮಾನಿಯಾದ ಚೀಟಿಗಳನ್ನು ರದ್ದಿಗೆ ಹಾಕಬೇಡಿ

ಪಟಾನ್‌ಚೆರು, ಇಸ್ನಾಪುರ, ರಾಮಚಂದ್ರಾಪುರಂ, ಬಿಎಚ್‌ಇಎಲ್ ಸುತ್ತಮುತ್ತ ನೆಲೆಸಿರುವ ಕನ್ನಡ ಬಂಧುಗಳಲ್ಲಿ, ಅದರಲ್ಲೂ ಬೀದರ್, ಕಲಬುರ್ಗಿ, ರಾಯಚೂರು ಕಡೆಯಿಂದ ಬಂದವರಲ್ಲಿ ಒಂದು ಮನವಿ. ಊರಿನ ಮನೆಯ ಟ್ರಂಕಿನಲ್ಲೋ ಅಟ್ಟದ ಮೇಲೋ ಹೈದರಾಬಾದಿನ ಉಸ್ಮಾನಿಯಾ ದವಾಖಾನೆಗೆ ಸಂಬಂಧಪಟ್ಟ ಹಳೆಯ ಕಾಗದವಿದ್ದರೆ ಅದನ್ನು ರದ್ದಿಯವನ ತಕ್ಕಡಿಗೆ ಹಾಕಬೇಡಿ. ಔಷಧದ ಚೀಟಿ, ಆಪರೇಷನ್ನಿನ ಕಾಗದ, ಅಲ್ಲಿ ಓದಿದವರ ಪ್ರಮಾಣಪತ್ರ, ಅಲ್ಲಿಂದ ಬರೆದ ಪೋಸ್ಟ್‌ಕಾರ್ಡು, ಯಾವುದಾದರೂ ಸರಿ.

ಈಗಲೇ ಯಾಕೆ ಅಂತೀರಾ? 2020ರ ಜುಲೈನಲ್ಲಿ ಮಳೆ ನೀರು ವಾರ್ಡುಗಳಿಗೆ ನುಗ್ಗಿದ ಮೇಲೆ ಮೂಸಿ ದಂಡೆಯ ಆ ಹಳೆಯ ಗುಮ್ಮಟದ ಕಟ್ಟಡದಿಂದ ರೋಗಿಗಳನ್ನು ತೆರವು ಮಾಡಿಸಿದರು. 2025ರ ಜನವರಿ 31ರಂದು ಗೋಷಾಮಹಲ್‌ನಲ್ಲಿ ಹೊಸ ಆಸ್ಪತ್ರೆಗೆ ಶಂಕುಸ್ಥಾಪನೆಯಾಯಿತು. ಹೊಸದು ಬೇಡ ಎನ್ನುವವನು ನಾನಲ್ಲ. ಕಾಲಡಿ ನೀರು ನಿಂತ ವಾರ್ಡಿನಲ್ಲಿ ಮಲಗಿದವನಿಗೆ ಗುಮ್ಮಟದ ಚೆಂದ ತಗೊಂಡು ಏನಾಗಬೇಕು? ಆದರೆ ದವಾಖಾನೆ ಜಾಗ ಬದಲಿಸುವಾಗ ಮಂಚ, ಮಶೀನುಗಳು ಲಾರಿ ಹತ್ತುತ್ತವೆ, ಕಾಗದಗಳು ಕಳೆದುಹೋಗುತ್ತವೆ.

ಈ ಸಂಸ್ಥೆಯ ಕತೆಯನ್ನು ಹೇಳುವವರು ಇಲ್ಲದಿಲ್ಲ. 1846ರಲ್ಲಿ, ನಾಲ್ಕನೆಯ ನಿಜಾಮರ ಕಾಲಕ್ಕೆ, ಬ್ರಿಟಿಷ್ ರೆಸಿಡೆನ್ಸಿಯ ವೈದ್ಯ ಮ್ಯಾಕ್ಲೀನ್ ಅವರ ಕೈಯಲ್ಲಿ ಹೈದರಾಬಾದ್ ಮೆಡಿಕಲ್ ಸ್ಕೂಲ್ ಶುರುವಾಯಿತು. ಪಾಠ ಉರ್ದುವಿನಲ್ಲಿ. 1866ರಲ್ಲಿ ಈಗಿನ ಉಸ್ಮಾನಿಯಾಕ್ಕೆ ಮೂಲವಾದ ಅಫ್ಜಲ್‌ಗಂಜ್ ದವಾಖಾನೆ ಬಂತು. 1880ರ ದಶಕದಲ್ಲಿ ಎಡ್ವರ್ಡ್ ಲಾರಿ ಎಂಬ ವೈದ್ಯ ಪಾಠವನ್ನು ಇಂಗ್ಲಿಷಿಗೆ ತಿರುಗಿಸಿದ. 1888 ಮತ್ತು 1889ರಲ್ಲಿ ನಿಜಾಮರ ಹಣದಿಂದ ಎರಡು ಕ್ಲೋರೋಫಾರ್ಮ್ ಆಯೋಗಗಳನ್ನು ನಡೆಸಿ, ನೂರಾರು ನಾಯಿ, ಕೋತಿಗಳ ಮೇಲೆ ಪ್ರಯೋಗ ಮಾಡಿಸಿ, ಕ್ಲೋರೋಫಾರ್ಮ್ ಕೊಟ್ಟು ಅರಿವು ತಪ್ಪಿಸುವಾಗ ಉಸಿರಾಟ ನೋಡಿದರೆ ಸಾಕು, ಹೃದಯಕ್ಕೇನೂ ಅಪಾಯವಿಲ್ಲ ಎಂದು ಸಾರಿದ. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ತಾನೇ ಆರಿಸಿದ ಬ್ರಂಟನ್ ಎಂಬ ವೈದ್ಯನನ್ನು ಇಲ್ಲಿಗೆ ಕಳಿಸಿತ್ತು. ಇಷ್ಟೆಲ್ಲ ಆದರೂ ಆ ತೀರ್ಮಾನ ತಪ್ಪಾಗಿತ್ತು. ಕ್ಲೋರೋಫಾರ್ಮ್ ನೇರವಾಗಿ ಹೃದಯವನ್ನೇ ನಿಲ್ಲಿಸಬಲ್ಲದು ಎಂಬುದನ್ನು ಗುಡ್‌ಮನ್ ಲೆವಿ 1911ರ ಹೊತ್ತಿಗೆ ತೋರಿಸಿದ. ಇದನ್ನು ಇಷ್ಟು ಎಳೆದು ಹೇಳಲು ಕಾರಣವಿದೆ. ವೈದ್ಯ ಕಾಲೇಜಿನ ಚರಿತ್ರೆ ಎಂದರೆ ಹೊಗಳಿಕೆಯ ಸ್ಮರಣ ಸಂಚಿಕೆಯಲ್ಲ. ನಿಮ್ಮ ಮನೆಯ ಕಾಗದದಲ್ಲಿ ದೂರು ಇದ್ದರೂ ಅದು ಬೇಕು. ಲಾರಿಯ ಕಾಲದಲ್ಲೇ ಆ ಮೆಡಿಕಲ್ ಸ್ಕೂಲಿನಲ್ಲಿ ಕಲಿತು ಅರಿವಳಿಕೆಯ ವೈದ್ಯೆಯಾದ ರೂಪಾಬಾಯಿ ಫರ್ದೂನ್‌ಜಿಯ ಹೆಸರು ಎಷ್ಟೋ ವರ್ಷ ಯಾರ ಬಾಯಲ್ಲೂ ಇರಲಿಲ್ಲ. ಹಳೆಯ ಕಾಗದ ಉಳಿದಿದ್ದಕ್ಕೇ ಆಕೆ ಮತ್ತೆ ನಮಗೆ ಸಿಕ್ಕಿದ್ದು.

1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹ ಅಫ್ಜಲ್‌ಗಂಜ್ ದವಾಖಾನೆಯನ್ನು ಕೊಚ್ಚಿಕೊಂಡು ಹೋಯಿತು. ಆವರಣದ ಹುಣಸೆ ಮರ ಹತ್ತಿ ಸುಮಾರು 150 ಜನ ಜೀವ ಉಳಿಸಿಕೊಂಡರು. ಮೇಲೆ ಹೇಳಿದ ಗುಮ್ಮಟದ ಕಟ್ಟಡ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಟ್ಟಿಸಿದ್ದು, ವಿನ್ಸೆಂಟ್ ಎಶ್ ನಕ್ಷೆ ಹಾಕಿದ್ದು. ಉಸ್ಮಾನಿಯಾ ವಿಶ್ವವಿದ್ಯಾಲಯ ಬಂದ ಮೇಲೆ ವೈದ್ಯಕೀಯವೂ ಮತ್ತೆ ಉರ್ದುವಿನಲ್ಲೇ ನಡೆಯಿತು.

ಈ ಕತೆಯಲ್ಲಿ ನಿಜಾಮರಿದ್ದಾರೆ, ಇಂಗ್ಲಿಷರಿದ್ದಾರೆ. ನಮ್ಮವರು ಎಲ್ಲಿ? 1956ರ ತನಕ ಬೀದರ್, ಗುಲ್ಬರ್ಗ (ಈಗಿನ ಕಲಬುರ್ಗಿ), ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಮೂರು ಜಿಲ್ಲೆಗಳಲ್ಲಿ ಒಂದು ಮೆಡಿಕಲ್ ಕಾಲೇಜೂ ಇರಲಿಲ್ಲ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯವರು ಗುಲ್ಬರ್ಗದಲ್ಲಿ ಮಹಾದೇವಪ್ಪ ರಾಂಪುರೆ ಮೆಡಿಕಲ್ ಕಾಲೇಜು ತೆರೆದದ್ದು 1963ರಲ್ಲಿ. ಅಲ್ಲಿಯವರೆಗೆ ಬೇನೆ ಬಲಿತರೆ ಹೈದರಾಬಾದೇ ಗತಿ. ಜಹೀರಾಬಾದ್, ಸಂಗಾರೆಡ್ಡಿ ದಾಟಿ ಪಟಾನ್‌ಚೆರುವಿನ ಇದೇ ರಸ್ತೆಯಲ್ಲಿ ನಮ್ಮ ಹಿರಿಯರು ಬುತ್ತಿ ಕಟ್ಟಿಕೊಂಡು ಹೋದರು. ರಾಜ್ಯ ಬದಲಾದ ಮೇಲೂ ಆ ಹಾದಿ ನಿಲ್ಲಲಿಲ್ಲ.

ಕಲಿಸುವ ಆಸ್ಪತ್ರೆಯಲ್ಲಿ ಕಲಿಸುವವರು ಪ್ರೊಫೆಸರುಗಳಷ್ಟೇ ಅಲ್ಲ. ಮಂಚದ ಮೇಲೆ ಮಲಗಿದ ಬಡವನ ಎದೆಗೆ ಸ್ಟೆತಾಸ್ಕೋಪ್ ಹಚ್ಚಿ, ಹೊಟ್ಟೆ ಒತ್ತಿ ನೋಡಿಯೇ ಹುಡುಗರು ಡಾಕ್ಟರಾಗುವುದು. ಹಾಗೆ ಮಲಗಿದವರಲ್ಲಿ ಔರಾದದ ರೈತನೂ ಇದ್ದ, ಸೇಡಂನ ಬಾಣಂತಿಯೂ ಇದ್ದಳು. ಅವರಿಗೆ ವಿವರಿಸಿ ಹೇಳಲು ಕನ್ನಡ ಬಲ್ಲವರಿದ್ದರೋ ಇಲ್ಲವೋ, ಹೊರಗೆ ಕಾದವರು ಎಲ್ಲಿ ಅಡುಗೆ ಮಾಡಿಕೊಂಡರು, ಎಷ್ಟು ಸಾಲ ಮಾಡಿ ಬಂದರು, ಇದು ಯಾವ ಸರ್ಕಾರಿ ಕಡತದಲ್ಲೂ ಸಿಗುವ ಸಂಗತಿಯಲ್ಲ. ಮನೆಮಾತಿನಲ್ಲಿ ಮಾತ್ರ ಇದೆ.

ಹಳೆಯ ಕಾಗದಗಳಲ್ಲಿ ಬಹಳಷ್ಟು ಉರ್ದುವಿನಲ್ಲಿರುತ್ತವೆ. ನಿಜಾಮರ ಕಾಲದಲ್ಲಿ, 1948ಕ್ಕೆ ಮೊದಲು, ಶಾಲೆಯಲ್ಲಿ ಉರ್ದು ಕಲಿತು, ಆ ಕೈಬರಹವನ್ನು ಸಲೀಸಾಗಿ ಓದುವ ನಮ್ಮ ಅಜ್ಜಂದಿರಿಗೆ ಈಗ ತೊಂಬತ್ತರ ಹತ್ತಿರ ವಯಸ್ಸು. ದೀಪಾವಳಿಗೆ ಊರಿಗೆ ಹೋದಾಗ ಅವರ ಪಕ್ಕ ಕೂತು ಓದಿಸಿ. ಅವರು ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಯಾರ ಕಾಗದ, ಯಾವ ಊರು, ಯಾವ ವರ್ಷ ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ, ಕಾಗದ ಹಾಳಾಗುತ್ತದೆ. ಫೋಟೊ ತೆಗೆದು ಮೂಲವನ್ನು ಒಣ ಲಕೋಟೆಯಲ್ಲಿಡಿ. ಬೇನೆಯ ವಿಷಯ ಮನೆಯ ಗುಟ್ಟಾಗಿದ್ದರೆ ಹೆಸರು ಮುಚ್ಚಿಯೇ ಪ್ರತಿ ಕೊಡಿ. ಯಾರ ಮಾನವೂ ಬೀದಿಗೆ ಬರಬಾರದು.

ಇವೆಲ್ಲ ಒಂದೆಡೆ ಸೇರಬೇಕು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ಗುಲ್ಬರ್ಗ ವಿಶ್ವವಿದ್ಯಾಲಯ ಕೂಡಿ ಇದಕ್ಕೊಂದು ಕಪಾಟು ಕೊಡಲಿ ಎಂದು ನಾವೇ ಹೋಗಿ ಕೇಳೋಣ. ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ, ಅದರಲ್ಲೊಂದು ಕೋಣೆಯನ್ನು ರೋಗಿಗಳ ನೆನಪಿಗೆ ಮೀಸಲಿಡಿ ಎಂದು ತೆಲಂಗಾಣ ಸರ್ಕಾರಕ್ಕೂ ಬರೆಯೋಣ. ಪತ್ರವನ್ನು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬರೆಯಬೇಕು. ಮೂರೂ ಬಲ್ಲವರು ಪಟಾನ್‌ಚೆರುವಿನಲ್ಲಿ ಬೇಕಾದಷ್ಟು ಜನ ಇದ್ದೀರಿ. ಸಹಿ ಹಾಕಲು, ಅನುವಾದಕ್ಕೆ ಕೈಜೋಡಿಸಲು ದಯವಿಟ್ಟು ಮುಂದೆ ಬನ್ನಿ. ಅದಕ್ಕೂ ಮೊದಲು ಊರಿಗೊಂದು ಫೋನು ಮಾಡಿ, ಆ ಟ್ರಂಕನ್ನು ಯಾರೂ ಖಾಲಿ ಮಾಡದಂತೆ ಹೇಳಿ.