ಲೇಖನಿ ಕೆಳಗಿಟ್ಟು ಸ್ಪ್ಯಾನರು ಹಿಡಿಯುವ ಮುನ್ನ

ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿದ ನಮ್ಮಂಥ ಕನ್ನಡಿಗರಿಗೆ ನೌಕರಿಯೆಂದರೆ ಬಹುಮಟ್ಟಿಗೆ ಮೇಜು, ಕುರ್ಚಿ, ಕಡತ ಮತ್ತು ತಿಂಗಳ ಕೊನೆಗೆ ತಪ್ಪದೆ ಬರುವ ಸಂಬಳ. ಕೈಕೆಲಸದಿಂದ ಆರಂಭಿಸಿ ಕುರ್ಚಿಗೆ ಏರಿದವರ ಬಗ್ಗೆ ನಮಗೆ ಅಪಾರ ಗೌರವ. ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ತಾವೇ ಹೋಟೆಲಿನ ಮಾಲೀಕರಾದ ಹಿರಿಯರಿಗೆ ಸಂಘದ ವೇದಿಕೆಗಳಲ್ಲಿ ಶಾಲು ಹೊದಿಸಿ ಹಾರ ಹಾಕುತ್ತೇವೆ. ಆದರೆ ಅದೇ ದಾರಿಯನ್ನು ಹಿಮ್ಮುಖವಾಗಿ ನಡೆದು, ಕುರ್ಚಿಯನ್ನು ಬಿಟ್ಟು ಕೈಕೆಲಸಕ್ಕೆ ಇಳಿಯುವೆನೆಂದು ಒಬ್ಬನು ಹೇಳಿದರೆ, ‘ಪಾಪ, ಅವನಿಗೆ ಏನೋ ಆಗಿದೆ’ ಎಂದು ಪಿಸುಗುಟ್ಟುತ್ತೇವೆ. ಏರುವ ಮೆಟ್ಟಿಲಿಗೆ ಹಾರ, ಇಳಿಯುವ ಮೆಟ್ಟಿಲಿಗೆ ಪಿಸುಮಾತು! ಇಳಿಯುವುದು ನಿಜವಾಗಿ ಇಳಿಯುವುದೇ ಎಂಬ ಪ್ರಶ್ನೆಯನ್ನು ಕುರಿತು ನಾಲ್ಕು ಮಾತು ಬರೆಯುವುದೇ ಈ ಲೇಖನದ ಉದ್ದೇಶ.

ನಾನು ಕೆಲಸ ಮಾಡುವ ಬ್ಯಾಂಕಿನ ಶಾಖೆ ಇರುವುದು ಸಾಸವಡದಲ್ಲಿ. ಪುಣೆಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ದಿವೆ ಘಾಟನ್ನು ಏರಿದ ಮೇಲೆ ಸಿಗುವ ಪುರಂದರ ತಾಲ್ಲೂಕಿನ ಪಟ್ಟಣವಿದು. ಜೇಜೂರಿಯ ಖಂಡೋಬನನ್ನು ನಮ್ಮ ಮೈಲಾರಲಿಂಗನೆಂದೇ ಭಾವಿಸಿ ದರ್ಶನಕ್ಕೆ ಹೋಗುವ ಕನ್ನಡಿಗರು ಇದೇ ಹಾದಿಯಲ್ಲಿ ಸಾಗುತ್ತಾರೆ. ಆಳಂದಿಯಿಂದ ಪಂಢರಪುರಕ್ಕೆ ಹೊರಡುವ ಜ್ಞಾನೇಶ್ವರರ ಪಾಲಖಿ ಇಲ್ಲಿ ತಂಗುತ್ತದೆ. ಅವರ ತಮ್ಮ ಸೋಪಾನದೇವರ ಸಮಾಧಿಯೂ ಇಲ್ಲಿಯೇ ಇದೆ. ಘಾಟು ಏರಿ ಕಾದ ಎಂಜಿನ್ನು, ಇಳಿಜಾರಿನಲ್ಲಿ ಸವೆದ ಬ್ರೇಕು, ಅಂಜೂರ ಸೀತಾಫಲಗಳನ್ನು ಹೊತ್ತ ಟೆಂಪೋ, ಹೊಲದಿಂದ ಬಂದ ಟ್ರ್ಯಾಕ್ಟರು, ಹೀಗೆ ವಾಹನ ದುರಸ್ತಿಯವರಿಗೆ ಇಲ್ಲಿ ಕೆಲಸದ ಕೊರತೆಯಿಲ್ಲ.

ಪುಣೆಯ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ 19 ವರ್ಷ ದುಡಿದಿರುವ, ಧಾರವಾಡದ ಕಡೆಯ ಮಿತ್ರರೊಬ್ಬರು ಕಳೆದ ವರ್ಷ ನನ್ನನ್ನು ಕಾಣಲು ಬಂದರು. ವಯಸ್ಸು 44. ನೌಕರಿ ಬಿಟ್ಟು ಸಾಸವಡದಲ್ಲಿ ದ್ವಿಚಕ್ರ ವಾಹನಗಳ ಗ್ಯಾರೇಜು ತೆರೆಯಬೇಕೆಂಬುದು ಅವರ ಬಯಕೆ. ಸಾಲ ಕೇಳಲು ಬಂದಿರಬಹುದೆಂದು ನಾನು ಭಾವಿಸಿದ್ದೆ. ಅವರ ಮೊದಲ ಪ್ರಶ್ನೆ ಸಾಲದ್ದಾಗಿರಲಿಲ್ಲ. “ರಾಯರೆ, ಮೂರು ನಾಲ್ಕು ವರ್ಷಗಳಲ್ಲಿ ಮಗಳ ಮದುವೆಯ ಮಾತುಕತೆ ಬರುತ್ತದೆ. ಹುಡುಗಿಯ ತಂದೆ ಏನು ಮಾಡುತ್ತಾರೆ ಎಂದು ಕೇಳಿದರೆ ಏನು ಹೇಳಲಿ?” ಎಂದರು. ಬಡ್ಡಿಯ ದರ, ಕಂತು, ಜಾಮೀನು ಎಲ್ಲವೂ ಆಮೇಲಿನ ಮಾತು. ನಮ್ಮ ಜನರನ್ನು ತಡೆಯುತ್ತಿರುವುದು ಬಂಡವಾಳದ ಕೊರತೆಗಿಂತ ಗ್ರೀಸು ಮೆತ್ತಿದ ಕೈಯ ಬಗೆಗಿನ ನಾಚಿಕೆ ಎಂಬುದು ನನಗೆ ಆ ದಿನ ಮನದಟ್ಟಾಯಿತು.

ನಾಚಿಕೆಗೆ ನಮ್ಮ ಪರಂಪರೆಯಲ್ಲಿ ಆಧಾರವಿಲ್ಲ

ಹನ್ನೆರಡನೆಯ ಶತಮಾನದ ಶರಣರನ್ನು ನಾವು ನೆನೆಯುವುದೇ ಅವರ ಕಾಯಕದ ಹೆಸರಿನಿಂದ: ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ಅವರನ್ನು ಒಂದೆಡೆ ಕೂಡಿಸಿದ ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರು, ಇಂದಿನ ಮಾತಿನಲ್ಲಿ ಹೇಳುವುದಾದರೆ ನಮ್ಮಂತೆಯೇ ಹಣಕಾಸಿನ ಅಧಿಕಾರಿ. ಲೆಕ್ಕದ ಕೆಲಸ ಮೇಲು, ಹಗ್ಗ ಹೊಸೆಯುವ ಕೆಲಸ ಕೀಳು ಎಂದು ಅವರು ಎಣಿಸಲಿಲ್ಲ. ಪ್ರತಿವರ್ಷ ಬಸವ ಜಯಂತಿಯನ್ನು ಆಚರಿಸುವ ನಾವು ಇದನ್ನು ಭಾಷಣಕ್ಕೆ ಮಾತ್ರ ಇಟ್ಟುಕೊಳ್ಳಬಾರದು.

ಸಮೀಪದ ಉದಾಹರಣೆಯೂ ಉಂಟು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದರು. ಕಣ್ಣಿಗೆ ಬಣ್ಣಗಳ ಭೇದ ಸರಿಯಾಗಿ ತಿಳಿಯದೆ ಅದನ್ನು ಬಿಡಬೇಕಾಯಿತು. ಯಂತ್ರಗಳ ರೇಖಾಚಿತ್ರ ಕಲಿತು, ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ಸಂಬಳದ, ಮರ್ಯಾದೆಯ ಕೆಲಸ. ತಮಗೆ ಬರಬೇಕಿದ್ದ ಬಡ್ತಿ ಇನ್ನೊಬ್ಬರ ಪಾಲಾದಾಗ ಅವರು ಆ ನೌಕರಿಯನ್ನು ತ್ಯಜಿಸಿ ಬೆಳಗಾವಿಗೆ ಮರಳಿ ಸೈಕಲ್ ವ್ಯಾಪಾರದಲ್ಲಿ ತೊಡಗಿದರು. ಆ ಕಾಲಕ್ಕೆ ಸೈಕಲ್ಲೇ ಹೊಸ ವಾಹನ. ಕಿರ್ಲೋಸ್ಕರ್ ಬಂಧುಗಳ ಸಂಸ್ಥೆ ತನ್ನ ಆರಂಭವನ್ನು 1888ರಿಂದ ಎಣಿಸುತ್ತದೆ. ಮುಂದೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ನೆಲ ಕೆಡುತ್ತದೆಂದು ರೈತರು ಹಿಂಜರಿದರು. ತಾಳ್ಮೆಯಿಂದ ಕಾದರು. 1910ರಲ್ಲಿ ಔಂಧ್ ಸಂಸ್ಥಾನದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಪುಣೆಯಲ್ಲಿ ಆರಂಭವಾದ ಆಯಿಲ್ ಎಂಜಿನ್ ಕಾರ್ಖಾನೆ ಇವೆಲ್ಲ ಅದೇ ಬಳ್ಳಿಯ ಕುಡಿಗಳು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಸಾಹಸದ ಭಾಗವನ್ನಷ್ಟೇ ಹೇಳುತ್ತಾರೆ. ಬ್ಯಾಂಕಿನವನಾದ ನನ್ನ ಕಣ್ಣಿಗೆ ಬೀಳುವುದು ಬೇರೆ. ಲಕ್ಷ್ಮಣರಾಯರು ಮುಂಬಯಿಯಲ್ಲಿ ಸಂಬಳ ಪಡೆಯುತ್ತಿದ್ದಾಗಲೇ ಸೈಕಲ್ಲುಗಳನ್ನು ಕೊಂಡು ಬೆಳಗಾವಿಗೆ ಕಳುಹಿಸುತ್ತಿದ್ದರು. ಅಲ್ಲಿ ಅಣ್ಣ ರಾಮುವಣ್ಣ ಅವನ್ನು ಮಾರುತ್ತಿದ್ದರು. ನೌಕರಿ ಬಿಡುವ ಹೊತ್ತಿಗೆ ಅಂಗಡಿ ಇತ್ತು, ಗಿರಾಕಿಗಳಿದ್ದರು, ಮನೆಯವರ ಹೆಗಲಿತ್ತು. ಅವರು ಬಾವಿಗೆ ಹಾರಲಿಲ್ಲ, ಮೆಟ್ಟಿಲು ಕಟ್ಟಿ ಇಳಿದರು.

ಕುರ್ಚಿಯೂ ಶಾಶ್ವತವಲ್ಲ

ಬ್ಯಾಂಕಿನ ನೌಕರಿಯೆಂದರೆ ಬಂಡೆಯ ಮೇಲಿನ ಮನೆ ಎಂಬ ನಂಬಿಕೆ ನಮ್ಮ ತಂದೆಯವರ ಕಾಲದ್ದು. ಸರಕಾರಿ ಬ್ಯಾಂಕುಗಳಲ್ಲಿ 2000-01ರ ಸ್ವಯಂನಿವೃತ್ತಿ ಯೋಜನೆಯಲ್ಲಿ ಸುಮಾರು ಒಂದು ಲಕ್ಷ ಮಂದಿ ಹೊರಬಂದರು. ಸಾವಿರಾರು ಕನ್ನಡಿಗರಿಗೆ ಪರಊರುಗಳಲ್ಲಿ ಅನ್ನ ಕೊಟ್ಟ ವಿಜಯಾ ಬ್ಯಾಂಕಿನ ಹೆಸರು 2019ರ ಏಪ್ರಿಲ್‌ನಲ್ಲಿಯೂ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳ ಹೆಸರು 2020ರ ಏಪ್ರಿಲ್‌ನಲ್ಲಿಯೂ ವಿಲೀನದಿಂದ ಮರೆಯಾದವು. ನೌಕರಿಗಳು ಉಳಿದವು, ಆದರೆ ಫಲಕಗಳು ಇಳಿದವು. ಖಾಸಗಿ ಕಚೇರಿಗಳಲ್ಲಿ ನಲವತ್ತೈದು ದಾಟಿದವನ ಸ್ಥಿತಿ ಇದಕ್ಕಿಂತ ನಾಜೂಕು.

ಇತ್ತ ಪುಣೆಯಾದರೋ ವಾಹನಗಳ ತವರು. ಪಿಂಪ್ರಿ, ಆಕುರ್ಡಿ, ಚಾಕಣಗಳ ಕಾರ್ಖಾನೆಗಳು, 1966ರಿಂದ ಇಲ್ಲಿರುವ ಭಾರತೀಯ ವಾಹನ ಸಂಶೋಧನಾ ಸಂಘ, ಇವುಗಳ ಸುತ್ತ ಸಾವಿರಾರು ಸಣ್ಣ ಗ್ಯಾರೇಜುಗಳು ಬದುಕುತ್ತಿವೆ. ಗ್ಯಾರೇಜಿನ ವಿದ್ಯೆಯೂ ಬದಲಾಗಿದೆ. 2020ರ ಏಪ್ರಿಲ್ 1ರಿಂದ ಭಾರತ್ ಹಂತ 6ರ ಹೊಗೆ ನಿಯಮ ಜಾರಿಗೆ ಬಂದ ಮೇಲೆ ಹೊಸ ದ್ವಿಚಕ್ರ ವಾಹನಗಳಲ್ಲಿ ಕಾರ್ಬುರೇಟರು ಹೋಗಿ ಇಂಧನವನ್ನು ಅಳೆದು ಚಿಮ್ಮಿಸುವ ವಿದ್ಯುನ್ಮಾನ ವ್ಯವಸ್ಥೆ ಬಂದಿದೆ. ಹಳೆಯ ಮಿಸ್ತ್ರಿ ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುತ್ತಿದ್ದನು. ಇಂದು ಸ್ಕ್ಯಾನರು ತೋರಿಸುವ ಸಂಕೇತವನ್ನು ಓದಿ, ಕೈಪಿಡಿಯೊಡನೆ ಹೋಲಿಸಿ, ಕಾರಣವನ್ನು ಹುಡುಕಬೇಕು. ಕಿವಿಯ ಅನುಭವಕ್ಕೆ ಬೆಲೆ ಹೋಗಿಲ್ಲ, ಆದರೆ ಓದುವ, ಬರೆದಿಡುವ, ತಾಳೆ ನೋಡುವ ಅಭ್ಯಾಸಕ್ಕೂ ಬೆಲೆ ಬಂದಿದೆ. ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದವನಲ್ಲಿ ಇರುವುದು ಆ ಅಭ್ಯಾಸವೇ. ಯಾವ ಗಾಡಿಗೆ ಎಂದು ಎಣ್ಣೆ ಬದಲಿಸಿದೆ ಎಂಬ ದಾಖಲೆ, ರಸೀದಿ, ಹೇಳಿದ ದಿನಕ್ಕೆ ಗಾಡಿ ಕೊಡುವ ಶಿಸ್ತು ಇವಿಷ್ಟಿದ್ದರೆ ಗಿರಾಕಿ ಎರಡನೆಯ ಸಲ ತಾನಾಗಿ ಬರುತ್ತಾನೆ.

ಲೆಕ್ಕ ಮೊದಲು, ರಾಜೀನಾಮೆ ಆಮೇಲೆ

ಹಾಗೆಂದು ನಾಳೆಯೇ ರಾಜೀನಾಮೆ ಕೊಡಿರೆಂದು ನಾನು ಹೇಳುತ್ತಿಲ್ಲ. ಮಿತ್ರರ ಜತೆ ಕುಳಿತು ನಾನು ಹಾಕಿದ ಲೆಕ್ಕವನ್ನು ಮಾದರಿಯಾಗಿ ಇಲ್ಲಿ ಕೊಡುತ್ತೇನೆ. ಮುದ್ರಾ ಯೋಜನೆಯ ಕಿಶೋರ ವರ್ಗದಲ್ಲಿ 5 ಲಕ್ಷ ರೂಪಾಯಿಯವರೆಗೆ ಜಾಮೀನಿಲ್ಲದೆ ಸಾಲ ದೊರೆಯುತ್ತದೆ. ಶೇಕಡಾ 11ರ ಬಡ್ಡಿಯಲ್ಲಿ, 5 ವರ್ಷಕ್ಕೆ, ತಿಂಗಳ ಕಂತು ಸುಮಾರು 10,900 ರೂಪಾಯಿ. ಅಂಗಡಿಯ ಬಾಡಿಗೆ 12,000, ಸಹಾಯಕನ ಸಂಬಳ 15,000, ವಿದ್ಯುತ್ತು ಇತ್ಯಾದಿ 3,000 ಎಂದಿಟ್ಟುಕೊಳ್ಳೋಣ. ಮನೆಗೆ ಒಂದು ರೂಪಾಯಿ ಬರುವ ಮೊದಲೇ 40,900 ಖರ್ಚು. ಮನೆಯ ಖರ್ಚು 40,000 ಸೇರಿಸಿದರೆ 80,900. ತಿಂಗಳಿಗೆ 26 ದಿನ ಕೆಲಸವೆಂದರೆ ದಿನಕ್ಕೆ ಸುಮಾರು 3,100 ರೂಪಾಯಿ. ಎಣ್ಣೆ, ಬಿಡಿಭಾಗಗಳ ವೆಚ್ಚ ಕಳೆದು ಒಂದು ಗಾಡಿಗೆ 300 ರೂಪಾಯಿ ಉಳಿದರೆ, ಪ್ರತಿದಿನ 10ರಿಂದ 11 ಗಾಡಿಗಳು ಬರಬೇಕು. ಮೊದಲ ವರ್ಷದಲ್ಲಿ ಹೊಸ ಗ್ಯಾರೇಜಿಗೆ ಅಷ್ಟು ಗಾಡಿಗಳು ಬರುವುದು ಕಷ್ಟ. ಆದ್ದರಿಂದ ಕನಿಷ್ಠ 18 ತಿಂಗಳ ಮನೆಖರ್ಚು, ಈ ಲೆಕ್ಕದಲ್ಲಿ 7,20,000 ರೂಪಾಯಿ, ಠೇವಣಿಯಲ್ಲಿ ಪ್ರತ್ಯೇಕವಾಗಿ ಇರಲೇಬೇಕು. ಇರುವ ಮನೆಯನ್ನು ಅಡವಿಡುವುದು ಬೇಡ. ಭವಿಷ್ಯನಿಧಿಯನ್ನೆಲ್ಲ ತಗಡಿನ ಶೆಡ್ಡಿಗೆ ಸುರಿಯುವುದೂ ಬೇಡ.

ನನ್ನ ಸಹೋದ್ಯೋಗಿ ಬಾಂಧವರು ಇನ್ನೊಂದು ಅಂಶವನ್ನು ಗಮನಿಸಬೇಕು. ಬ್ಯಾಂಕುಗಳ 1995ರ ಪಿಂಚಣಿ ನಿಯಮಗಳಿಗೆ ಒಳಪಟ್ಟವರು 20 ವರ್ಷಗಳ ಅರ್ಹ ಸೇವೆಯ ಬಳಿಕ, 3 ತಿಂಗಳ ಸೂಚನೆ ಕೊಟ್ಟು ಸ್ವಯಂನಿವೃತ್ತಿ ಪಡೆಯಬಹುದು, ಪಿಂಚಣಿ ಉಳಿಯುತ್ತದೆ. ಆದರೆ ಬೇಸರದಲ್ಲಿ ‘ರಾಜೀನಾಮೆ’ ಎಂದು ಬರೆದುಕೊಟ್ಟರೆ ಹಿಂದಿನ ಸೇವೆಯೆಲ್ಲ ಪಿಂಚಣಿಯ ಲೆಕ್ಕದಿಂದ ಅಳಿಸಿಹೋಗುತ್ತದೆ. ಒಂದು ಶಬ್ದದ ವ್ಯತ್ಯಾಸ, ಇಡೀ ಮುಪ್ಪಿನ ವ್ಯತ್ಯಾಸ! 2010ರ ಏಪ್ರಿಲ್ 1ರಂದು ಅಥವಾ ಆನಂತರ ಸೇರಿದವರಿಗೆ ಇರುವುದು ಬೇರೆ ಪಿಂಚಣಿ ವ್ಯವಸ್ಥೆ. ಅವರು ಅದರ ನಿಯಮಗಳನ್ನು ಓದಿಯೇ ಮುಂದಿನ ಹೆಜ್ಜೆ ಇಡಬೇಕು.

ದೇಹದ ಜಮಾ-ಖರ್ಚು

ಈ ಸಂಚಿಕೆಯಲ್ಲಿ ವೈದ್ಯರ ಲೇಖನಗಳಿರುವುದರಿಂದ ಆರೋಗ್ಯದ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಆದರೆ ನಲವತ್ತರ ನಂತರ ಗ್ಯಾರೇಜಿಗೆ ಇಳಿಯುವವನ ಬಂಡವಾಳ ಹಣವೊಂದೇ ಅಲ್ಲ, ದೇಹವೂ ಹೌದು. ಕುಳಿತು ಕುಳಿತು ಸೊಂಟ ಹಿಡಿದವರು ಓಡಾಡುವ ಕೆಲಸದಿಂದ ಹಗುರಾಗುತ್ತೇವೆಂದು ಭಾವಿಸುತ್ತಾರೆ. ಅಭ್ಯಾಸವಿಲ್ಲದ ಬೆನ್ನು ಎಂಜಿನ್ನು ಎತ್ತಲು ಹೋದರೆ ಆಗುವುದು ಬೇರೆ. ಕಣ್ಣಿಗೆ ಚಾಳೀಸು ಬರುವ ವಯಸ್ಸಿನಲ್ಲಿ ಸಣ್ಣ ಸ್ಕ್ರೂ ಕಾಣಲು ಒಳ್ಳೆಯ ಕನ್ನಡಕ, ಒಳ್ಳೆಯ ದೀಪ ಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ನು ಚಾಲೂ ಇಟ್ಟರೆ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಅದು ತಿಳಿಯದಂತೆ ಪ್ರಾಣ ತೆಗೆಯುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಸಾರಿದೆ. ಬಳಸಿದ ಎಂಜಿನ್ ಎಣ್ಣೆ ಚರ್ಮಕ್ಕೆ ಹಗೆ. ಕೈಗವಸು ಇರಲಿ, ಪೆಟ್ರೋಲಿನಿಂದ ಕೈ ತೊಳೆಯುವ ಚಾಳಿ ಬೇಡ. ಬರೀ ಜ್ಯಾಕಿನ ಮೇಲೆ ನಿಂತ ವಾಹನದ ಅಡಿಗೆ ಎಂದೂ ಹೋಗಬಾರದು; ಭದ್ರವಾದ ಆಧಾರ ಕೊಟ್ಟೇ ಹೋಗಬೇಕು. ಮಧುಮೇಹವಿದ್ದವರಂತೂ ಚಪ್ಪಲಿ ಹಾಕಿ ಗ್ಯಾರೇಜಿನಲ್ಲಿ ಓಡಾಡಲೇಕೂಡದು. ಪಾದದ ಸಣ್ಣ ಗಾಯವೂ ಅವರಿಗೆ ದೊಡ್ಡ ಸಾಲವಾಗಬಹುದು. ಸಂಬಳದ ಜತೆ ಕಚೇರಿಯ ವೈದ್ಯಕೀಯ ವಿಮೆಯೂ ನಿಲ್ಲಬಹುದು. ಆದ್ದರಿಂದ ಕುಟುಂಬದ ವಿಮೆಯನ್ನು ನೌಕರಿಯಲ್ಲಿರುವಾಗಲೇ ಮಾಡಿಸಿಟ್ಟುಕೊಳ್ಳುವುದು ಕ್ಷೇಮ.

ಸಂಘದ ಕರ್ತವ್ಯ

ನನ್ನ ಮಿತ್ರರು ಇನ್ನೂ ನೌಕರಿಯಲ್ಲಿಯೇ ಇದ್ದಾರೆ. ಆದರೆ ಪ್ರತಿ ಭಾನುವಾರ ಗ್ಯಾರೇಜೊಂದರಲ್ಲಿ ತಮಗಿಂತ ಹದಿನೆಂಟು ವರ್ಷ ಚಿಕ್ಕವನಾದ ಮಿಸ್ತ್ರಿಯ ಕೈಕೆಳಗೆ, ‘ಉಸ್ತಾದ್’ ಎಂದು ಕರೆಯುತ್ತ, ಬ್ರೇಕು ಬಿಚ್ಚಿ ಕಟ್ಟಲು ಕಲಿಯುತ್ತಿದ್ದಾರೆ. ಮೊದಮೊದಲು ಮುಖ ತಿರುಗಿಸಿದ್ದ ಅವರ ಪತ್ನಿ ಈಗ ಗ್ಯಾರೇಜಿನ ಲೆಕ್ಕವನ್ನು ತಾವೇ ಬರೆಯುವುದಾಗಿ ಹೇಳುತ್ತಿದ್ದಾರಂತೆ. ಒಂದು ವರ್ಷದ ಕಲಿಕೆಯ ನಂತರವೂ ಉತ್ಸಾಹ ಉಳಿದರೆ ಅದು ನಿಜವಾದ ಉತ್ಸಾಹ. ಇಂಗಿಹೋದರೆ ಕೆಟ್ಟದ್ದು ಕೆಲವು ಅಂಗಿಗಳು ಮಾತ್ರ. ಮೇಲಧಿಕಾರಿಯ ಮೇಲಿನ ಸಿಟ್ಟಿಗೆ ನೌಕರಿ ಬಿಡುವವನಿಗೂ, ಕೆಲಸದ ಮೇಲಿನ ಒಲವಿಗೆ ಬಿಡುವವನಿಗೂ ಇರುವ ಅಂತರವನ್ನು ಈ ಭಾನುವಾರಗಳೇ ತೋರಿಸಿಕೊಡುತ್ತವೆ. ಸಿಟ್ಟು ಮೂರು ತಿಂಗಳಲ್ಲಿ ಆರುತ್ತದೆ, ಸಾಲದ ಕಂತು ಅರವತ್ತು ತಿಂಗಳು ಇರುತ್ತದೆ.

ಸಂಘಗಳು ನಾಟಕ, ಸಂಗೀತ, ಆರೋಗ್ಯ ತಪಾಸಣೆಗಳನ್ನು ಏರ್ಪಡಿಸುವಂತೆ ವರ್ಷಕ್ಕೊಮ್ಮೆ ಉದ್ಯೋಗ ಸಮಾಲೋಚನೆಯ ದಿನವನ್ನೂ ಏಕೆ ಏರ್ಪಡಿಸಬಾರದು? ಪುಣೆಯ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಕನ್ನಡಿಗ ಫಿಟ್ಟರುಗಳು, ಫೋರ್‌ಮನ್ನರು ನಮ್ಮ ನಡುವೆ ಇದ್ದಾರೆ. ಅವರ ವಿದ್ಯೆ ಅವರೊಡನೆಯೇ ಮುಗಿಯಬಾರದು. ಅವರನ್ನೂ ವೇದಿಕೆಗೆ ಕರೆದು ಶಾಲು ಹೊದಿಸಿದರೆ, ‘ಹುಡುಗಿಯ ತಂದೆ ಗ್ಯಾರೇಜು ಇಟ್ಟಿದ್ದಾರೆ’ ಎಂದು ತಲೆಯೆತ್ತಿ ಹೇಳುವ ದಿನ ಬೇಗ ಬಂದೀತು.

ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕೆಸರಿನ ಬದಲು ಗ್ರೀಸು ಬಂದ ಮಾತ್ರಕ್ಕೆ ಗಾದೆ ಸುಳ್ಳಾಗುವುದಿಲ್ಲ. ಗಡಿಗೆಯಲ್ಲಿ ಮೊಸರು ಹೆಪ್ಪುಗಟ್ಟುವವರೆಗೆ ಮನೆಯಲ್ಲಿ ಅನ್ನವಿರುವಂತೆ ನೋಡಿಕೊಳ್ಳುವುದು ವಿವೇಕ. ಅಷ್ಟು ಮಾಡಿಕೊಂಡವನನ್ನು ನೋಡಿ ನಗದಿರುವುದು ನಮ್ಮೆಲ್ಲರ ಕರ್ತವ್ಯ.