ಗಡಿ ಶಾಲೆಯ ಹಿಂದಿನ ಸಾಲು ಬಾಯಿ ಬಿಡುವುದು ಯಾವಾಗ?

2025ರ ಜುಲೈ 10ರಂದು ಆಂಧ್ರಪ್ರದೇಶದ ಶಾಲೆಗಳಲ್ಲೆಲ್ಲ ಪೋಷಕರ ದೊಡ್ಡ ಸಭೆ ನಡೆಯಿತು. 2024ರ ಡಿಸೆಂಬರ್ 7ರಂದು ಮೊದಲ ಸಲ ನಡೆದದ್ದು, ಇದು ಎರಡನೆಯದು. ಮುಖ್ಯಮಂತ್ರಿಗಳು ನಮ್ಮ ಶ್ರೀ ಸತ್ಯಸಾಯಿ ಜಿಲ್ಲೆಯ ಕೊತ್ತಚೆರುವಿಗೇ ಬಂದಿದ್ದರು. ಅಲ್ಲಿಗೆ ಹೋಗೋಕೆ ನಮಗೆಲ್ಲಿ ಪುರುಸೊತ್ತು, ಹುಳ ನಾಲ್ಕನೇ ಜ್ವರದಲ್ಲಿತ್ತು. ಮಡಕಶಿರಾ ಸೀಮೆಯ ನಮ್ಮೂರ ಶಾಲೆಗೇ ಹೋದೆ. ಮಗಳ ಮಗಳು ಅಲ್ಲಿ ಮೂರನೇ ತರಗತಿ. ತೋರಣ ಕಟ್ಟಿದ್ದರು, ರಂಗೋಲಿ ಹಾಕಿದ್ದರು, ಊಟಾನೂ ಚೆನ್ನಾಗಿತ್ತು. ಮಾತೂ ಬಹಳ ಆಯಿತು.

ಮಾತೆಲ್ಲ ಯಾವುದರ ಬಗ್ಗೆ ಅಂದರೆ, ದುಡ್ಡು, ಕಟ್ಟಡ, ಹುದ್ದೆ. ಇವು ಬೇಡ ಅನ್ನೋನು ನಾನಲ್ಲ. ‘ತಲ್ಲಿಕಿ ವಂದನಂ’ ಅಂತ ಮಗುವಿಗೆ ವರ್ಷಕ್ಕೆ 15,000 ರೂಪಾಯಿ ಗೊತ್ತುಮಾಡಿ, ಅದರಲ್ಲಿ 2,000 ಶಾಲೆಯ ಉಸ್ತುವಾರಿಗೆ ಹಿಡಿದು, 13,000 ತಾಯಿಯ ಖಾತೆಗೆ ಹಾಕಿದರು. ಹಿಂದಿನ ಸರ್ಕಾರದ ಕಾಲದಲ್ಲಿ, 2019ರಿಂದ ‘ನಾಡು-ನೇಡು’ ಅಂತ ಶಾಲೆಗಳಿಗೆ ಕಕ್ಕಸು, ನೀರು, ಬೆಂಚು, ಸುಣ್ಣಬಣ್ಣ ಆಯಿತು. 2025ರ ಏಪ್ರಿಲ್‌ನಲ್ಲಿ 16,347 ಮೇಷ್ಟ್ರ ಹುದ್ದೆಗೆ ಮೆಗಾ ಡಿಎಸ್ಸಿ ಕರೆದರು. ಎಲ್ಲಾ ಲೆಕ್ಕಕ್ಕೆ ಸಿಗುವ ಕೆಲಸ, ಫೋಟೋಕ್ಕೂ ಸಿಗುವ ಕೆಲಸ. ತರಗತಿಯ ಬಾಗಿಲು ಹಾಕಿದ ಮೇಲೆ ಒಳಗೆ ನಡೆಯುವ ನಲವತ್ತೈದು ನಿಮಿಷ ಇದೆಯಲ್ಲ, ಅದರ ಲೆಕ್ಕ ಯಾರೂ ಕೇಳಲಿಲ್ಲ. ನಾನೂ ಅವತ್ತು ಕೇಳಲಿಲ್ಲ.

ವಾರ ಬಿಟ್ಟು, ಗೂಡು ಬಿಡಿಸುವ ಮೊದಲು ಒಂದು ದಿನ ಬಿಡುವಾಯಿತು. ಮೇಷ್ಟ್ರನ್ನು ಕೇಳಿಕೊಂಡು ಒಂದು ಪೀರಿಯಡ್ಡು ಹಿಂದಿನ ಸಾಲಿನಲ್ಲಿ ಕೂತೆ. ಒಳ್ಳೆಯ ಮನುಷ್ಯ, ಬೇರೆ ಜಿಲ್ಲೆಯವರು, ತೆಲುಗು ಮನೆಮಾತು. ಬೆವರು ಸುರಿಸಿ ಪಾಠ ಮಾಡುತ್ತಾರೆ. ಮಕ್ಕಳು ಇಪ್ಪತ್ತೆಂಟು. ನಾನು ಬೆರಳು ಮಡಿಸಿ ಎಣಿಸಿದೆ: ಮೇಷ್ಟ್ರು ಹತ್ತೊಂಬತ್ತು ಪ್ರಶ್ನೆ ಕೇಳಿದರು. ಹತ್ತೊಂಬತ್ತಕ್ಕೂ ಉತ್ತರ ಕೊಟ್ಟವರು ಐದೇ ಮಕ್ಕಳು. ಐದೂ ಮುಂದಿನ ಎರಡು ಸಾಲಿನವು, ಐದೂ ಮನೆಯಲ್ಲಿ ತೆಲುಗು ಮಾತಾಡುವವು. ಕೊನೆಗೆ ಅವರು “ಅಂದರಿಕೀ ಅರ್ಥಮಯ್ಯಿಂದಾ?” ಅಂದರು. ಇಪ್ಪತ್ತೆಂಟೂ ಒಂದೇ ರಾಗದಲ್ಲಿ “ಅಯ್ಯಿಂದಿ ಸಾರ್” ಅಂದವು. ಆ ಪೀರಿಯಡ್ಡಿನಲ್ಲಿ ನಮ್ಮ ಮನೆಯ ಹುಡುಗಿಯ ಬಾಯಿಂದ ಬಂದದ್ದು ಆ ಎರಡು ಪದ ಮಾತ್ರ. ಮನೆಯಲ್ಲಿ ಅವಳ ಬಾಯಿ ಮುಚ್ಚಿಸೋಕೆ ಅವಳಜ್ಜಿಗೂ ಆಗೋದಿಲ್ಲ.

ಇದನ್ನು ನೋಡಿ ನನಗೆ ಹುಳುಮನೆ ನೆನಪಾಯಿತು. ರೇಷ್ಮೆ ಮಾಡೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೊಪ್ಪನ್ನು ತಟ್ಟೆಯ ನಡುವೆ ರಾಶಿ ಹಾಕಿ ಬಂದರೆ ನಡುವಿನ ಹುಳ ಬಲಿಯುತ್ತವೆ, ಅಂಚಿನವು ಸಣ್ಣಗೇ ಉಳಿಯುತ್ತವೆ. ಜ್ವರಕ್ಕೆ ಕೂರುವುದೂ ಏರುಪೇರು, ಹಣ್ಣಾಗುವುದೂ ಏರುಪೇರು. ಆಮೇಲೆ ಅಂಚಿನ ಹುಳಕ್ಕೆ ರೋಗ ಅಂತೀವಿ. ರೋಗ ಅಲ್ಲ, ಸೊಪ್ಪು ಮುಟ್ಟಿಲ್ಲ. ಶಾಲೆಯಲ್ಲೂ ಇದೇ ಆಗ್ತಿದೆ. ಪಾಠ ಹಾಕಿದ್ದಾರೆ, ಮುಟ್ಟಿಲ್ಲ. ಮುಟ್ಟದ ಮಗುವಿಗೆ ನಾವು ಇಟ್ಟ ಹೆಸರು ‘ದಡ್ಡ’, ತೆಲುಗಿನಲ್ಲಿ ‘ಮೊದ್ದು’. ಎರಡು ಭಾಷೆಯಲ್ಲೂ ಬೈಗುಳಕ್ಕೆ ಮಾತ್ರ ಬರವಿಲ್ಲ.

2024ರ ಅಸರ್ ವರದಿ ನೋಡಿದರೆ, ದೇಶದ ಹಳ್ಳಿಗಳ ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ ಓದುವ ನೂರು ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 23.4. ಅಂದರೆ ಇದು ಗಡಿಯ ಊರುಗಳ ಕಷ್ಟ ಮಾತ್ರ ಅಲ್ಲ. ಆದರೆ ಗಡಿಯಲ್ಲಿ ಇದಕ್ಕೆ ಇನ್ನೊಂದು ಗಂಟು ಸೇರಿಕೊಂಡಿದೆ. ಮನೆಯಲ್ಲಿ ಕನ್ನಡ, ಮೇಷ್ಟ್ರ ಬಾಯಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷು. 2019ರಲ್ಲಿ ಒಂದರಿಂದ ಆರನೇ ತರಗತಿವರೆಗೆ ಎಲ್ಲಾ ಇಂಗ್ಲಿಷ್ ಮಾಧ್ಯಮ ಅಂತ ಸರ್ಕಾರ ಆದೇಶ ಮಾಡಿತು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಆದರೂ ಗಾಳಿ ಆ ಕಡೆಗೇ ಬೀಸಿತು. ಒಂದು ಪುಟ ತೆಲುಗು, ಎದುರು ಪುಟ ಇಂಗ್ಲಿಷು ಇರುವ ಪುಸ್ತಕಗಳು ಬಂದವು. ತೆಲುಗು ಮಗುವಿಗೆ ಅದು ಊರುಗೋಲು. ಕನ್ನಡದ ಮಗುವಿಗೆ ಎರಡು ಪುಟವೂ ಪರಸ್ಥಳವೇ.

ನಾನು ಇದನ್ನು ಅನುಭವಿಸಿದವನು. ಐದನೇ ತರಗತಿವರೆಗೆ ಊರಲ್ಲೇ ಕನ್ನಡ ಶಾಲೆ. ಆರಕ್ಕೆ ತೆಲುಗು ಶಾಲೆಗೆ ಸೇರಿಸಿದರು. ಎರಡು ವರ್ಷ ನಾನು ತರಗತಿಯಲ್ಲಿ ಬಾಯಿ ಬಿಟ್ಟ ನೆನಪೇ ಇಲ್ಲ. ಮೊದಲ ವಾರದಲ್ಲೇ ಒಂದು ಸಂಗತಿ ನಡೆಯಿತು. ಅಯ್ಯವಾರು “ಕಳ್ಳು ಮೂಸುಕೋಂಡಿ” ಅಂದರು. ಕಣ್ಣು ಮುಚ್ಚಿಕೊಳ್ಳಿ ಅಂತ ಅದರ ಅರ್ಥ. ನನ್ನ ಕಿವಿಗೆ ಕೇಳಿಸಿದ್ದು ನಮ್ಮ ಕಳ್ಳು, ನಮ್ಮ ಮೂಸುವುದು. ಶಾಲೆಯಲ್ಲಿ ಸೇಂದಿ ಎಲ್ಲಿಂದ ಬಂತಪ್ಪಾ ಅಂತ ಸುತ್ತ ನೋಡಿದೆ. ಕಣ್ಣು ಮುಚ್ಚದೆ ನೋಡ್ತಿದ್ದವನು ನಾನೊಬ್ಬನೇ, ಏಟು ಬಿತ್ತು. ಅರ್ಥ ಗೊತ್ತಾದ ಮೇಲೆ ನಾನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ, ಆದರೆ ಮನೆಯಲ್ಲಿ. ತರಗತಿಯಲ್ಲಿ ಸುಮ್ಮನಿರುವುದೇ ಕ್ಷೇಮ ಅಂತ ಅವತ್ತೇ ಕಲಿತುಬಿಟ್ಟೆ. ಆಮೇಲೆ ಗಡಿ ದಾಟಿ ಪಾವಗಡ ಕಡೆಯ ಹೈಸ್ಕೂಲಿಗೆ ಹೋಗಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ತೆಲುಗು ಕಲಿತದ್ದು ಸಂತೆಯಲ್ಲಿ, ಹಿಂದೂಪುರದ ಗೂಡಿನ ಮಾರುಕಟ್ಟೆಯಲ್ಲಿ, ನಾಟಕದ ಕಂಪನಿಗಳ ಪದ್ಯದಲ್ಲಿ. ಇವತ್ತು ತೆಲುಗಿನಲ್ಲೂ ಪದ್ಯ ಬರೀತೀನಿ. ಸಂತೆಯಲ್ಲಿ ತಪ್ಪು ಮಾತಾಡಿದರೆ ಯಾರೂ ಹೊಡೆಯುವುದಿಲ್ಲ, ವ್ಯಾಪಾರ ಕುದುರಬೇಕಲ್ಲ!

ಹಾಗಾದರೆ ಎಲ್ಲಾ ಮಕ್ಕಳೂ ಪಾಠದಲ್ಲಿ ಕೈ ಹಾಕುವ ಹಾಗೆ ಮಾಡೋಕೆ ಆಗುತ್ತಾ? ಆಗುತ್ತೆ. ಮಾಡಿ ತೋರಿಸಿದ್ದು ನಮ್ಮ ರಾಯಲಸೀಮೆಯಲ್ಲೇ. ಮದನಪಲ್ಲೆ ಹತ್ತಿರದ ರಿಷಿ ವ್ಯಾಲಿಯವರು ಸುತ್ತಲ ಹಳ್ಳಿ ಶಾಲೆಗಳಲ್ಲಿ ಕಾರ್ಡುಗಳ ಪದ್ಧತಿ ತಂದರು. ಮೇಷ್ಟ್ರು ಒಬ್ಬರೇ ನಿಂತು ಹೇಳುವುದು, ಮಿಕ್ಕವರು ಕೇಳುವುದು ಅಲ್ಲಿಲ್ಲ. ಮಕ್ಕಳು ಗುಂಪಾಗಿ ನೆಲದಲ್ಲಿ ಕೂರುತ್ತಾರೆ, ಪ್ರತಿ ಮಗುವಿನ ಕೈಯಲ್ಲೂ ಅದರ ಮಟ್ಟದ ಕಾರ್ಡು. ಮುಗಿದರೆ ಮುಂದಿನ ಮೆಟ್ಟಿಲು. 1995ರಲ್ಲಿ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಇದನ್ನು ಬಂದು ನೋಡಿ, ತಮ್ಮ ಊರಿಗೆ ಹೊಂದಿಸಿಕೊಂಡು, ಯುನಿಸೆಫ್ ನೆರವಿನಲ್ಲಿ ‘ನಲಿ-ಕಲಿ’ ಅಂತ ಶುರು ಮಾಡಿದರು. 2009-10ರ ಹೊತ್ತಿಗೆ ಅದು ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಹೋಯಿತು. ಚೆನ್ನೈ ಕಾರ್ಪೊರೇಷನ್ ಶಾಲೆಗಳೂ 2003ರಿಂದ ಇದೇ ಬೀಜ ಬಿತ್ತಿಕೊಂಡವು, ಆಮೇಲೆ ತಮಿಳುನಾಡೆಲ್ಲ. ಹೊಸೂರು, ತಾಳವಾಡಿಯ ನಮ್ಮ ಜನಕ್ಕೆ ಇದು ಗೊತ್ತಿರುತ್ತೆ. ಬೀಜ ನಮ್ಮ ಪಕ್ಕದ್ದು, ಬೆಳೆ ಬೇರೆಯವರ ಹೊಲದಲ್ಲಿ ಬಂತು.

ಪಾವಗಡ ತಾಲ್ಲೂಕಿನಲ್ಲಿ ನನ್ನ ತಂಗಿಯ ಮನೆ. ಅಲ್ಲಿನ ನಲಿ-ಕಲಿ ತರಗತಿ ನೋಡಿದ್ದೇನೆ. ಗುಂಪಿಗೊಂದು ತಟ್ಟೆ. ಒಂದು ಗುಂಪಿಗೆ ಮೇಷ್ಟ್ರ ಪೂರ್ತಿ ಸಹಾಯ, ಇನ್ನೊಂದಕ್ಕೆ ಅರೆ ಸಹಾಯ, ಮತ್ತೊಂದಕ್ಕೆ ಜೊತೆಯ ಮಕ್ಕಳದೇ ಸಹಾಯ, ಕೊನೆಯದು ತಾನಾಗೇ ಕಲಿಯುವುದು. ಮಕ್ಕಳು ಬರೆದದ್ದು, ಕತ್ತರಿಸಿದ್ದು ತಲೆಯ ಮೇಲೆ ಚಪ್ಪರದ ಹಾಗೆ ತೂಗುತ್ತೆ. ಅಲ್ಲಿ ಹಿಂದಿನ ಸಾಲೇ ಇಲ್ಲ, ದುಂಡಗೆ ಕೂತ ಮೇಲೆ ಹಿಂದೆ ಯಾವುದು ಮುಂದೆ ಯಾವುದು? ಹಾಗಂತ ಎಲ್ಲಾ ಬಂಗಾರ ಅಂತ ಹೇಳಲಾರೆ. ಒಂದು ತಾಲ್ಲೂಕಿನಲ್ಲಿ ಮೇಷ್ಟ್ರುಗಳೇ ಮನಸ್ಸಿಟ್ಟು ಕಟ್ಟಿದ್ದನ್ನು ರಾಜ್ಯಕ್ಕೆಲ್ಲ ಸುತ್ತೋಲೆ ಮೇಲೆ ಕಳಿಸಿದಾಗ ಅದರ ಜೀವ ಒಂದಿಷ್ಟು ಹೋಗುತ್ತೆ. ನಾನು ಹೋದ ದಿನ ಕಾರ್ಡುಗಳ ಅಂಚು ಸವೆದು ಅಕ್ಷರ ಕಾಣುತ್ತಿರಲಿಲ್ಲ. ತಂಗಿಯ ಗಂಡನದು ಇನ್ನೊಂದು ತಕರಾರು: “ಏನ್ ಭಾವ, ಮಕ್ಕಳು ನೆಲದ ಮೇಲೆ ಆಟ ಆಡ್ತಾವೆ, ಇದೂ ಒಂದು ಓದಾ?” ಅವನ ಹುಡುಗನೇ ಪಕ್ಕದಲ್ಲಿ ಕೂತು ಗೊಬ್ಬರದ ಚೀಲದ ಮೇಲಿನ ಬರಹ ಗಡಗಡ ಓದುತ್ತಿದ್ದ.

ಕಾರ್ಡು ಇಲ್ಲದ ಶಾಲೆಯಲ್ಲೂ ಕಾಸು ಖರ್ಚಿಲ್ಲದೆ ಆಗುವ ಕೆಲಸ ಇದೆ. ಮೊದಲನೆಯದು ಕಾಯುವುದು. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ತರಗತಿಗಳನ್ನು ಟೇಪು ಮಾಡಿ ಅಳೆದರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರು ಕಾಯುವುದು ಬರೀ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಸುಮ್ಮನಿದ್ದ ಮಕ್ಕಳೂ ಬಾಯಿ ಬಿಡುತ್ತವೆ, ಉತ್ತರವೂ ಉದ್ದವಾಗುತ್ತೆ. ನಮ್ಮ ಮಗು ಕನ್ನಡದಲ್ಲಿ ಯೋಚಿಸಿ ತೆಲುಗಿಗೆ ತಿರುಗಿಸಿಕೊಂಡು ಹೇಳಬೇಕು, ಅದಕ್ಕೆ ಮೂರೂ ಸಾಲದು, ಐದು ಬೇಕು. ಒಂದು ಸೆಕೆಂಡಿನ ಓಟದಲ್ಲಿ ಅದು ದಿನಾ ಸೋಲುತ್ತೆ. ಎಲ್ಲರಿಂದಲೂ ಒಟ್ಟಿಗೆ ಸ್ಲೇಟಿನ ಮೇಲೆ ಉತ್ತರ ಬರೆಸಿ ಎತ್ತಿ ಹಿಡಿಸಬಹುದು, ಆಗ ‘ಅಯ್ಯಿಂದಿ ಸಾರ್’ ಅನ್ನುವ ರಾಗದ ಹಿಂದೆ ಅಡಗೋಕೆ ಆಗಲ್ಲ. ಕೈ ಎತ್ತಿದವರನ್ನೇ ಕೇಳುವ ಬದಲು ಹೆಸರು ಬರೆದ ಕಡ್ಡಿ ಡಬ್ಬಿಯಲ್ಲಿ ಹಾಕಿ ಎತ್ತಬಹುದು. ಆದರೆ ಕಡ್ಡಿ ಎತ್ತುವ ಮೊದಲು ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಿಕೊಳ್ಳೋಕೆ ಬಿಡಬೇಕು, ಅದೂ ಕನ್ನಡದಲ್ಲಾದರೂ ಸರಿ. ಇಲ್ಲದಿದ್ದರೆ ಕಡ್ಡಿಯೂ ಬೆತ್ತವೇ ಆಗುತ್ತೆ.

ಇನ್ನು ಭಾಷೆಯ ಗಂಟು. ಕನ್ನಡ ಗೊತ್ತಿರುವುದು ತೊಡಕು ಅಂತ ತಿಳಿದಿದ್ದೇವೆ, ಅದು ಬಂಡವಾಳ. ಹಾಲು ಪಾಲು, ಹುಲಿ ಪುಲಿ, ಹಂದಿ ಪಂದಿ, ಹಣ್ಣು ಪಂಡು, ಹಳ್ಳಿ ಪಲ್ಲೆ. ಹಳೆಗನ್ನಡದ ‘ಪ’ ನಮ್ಮ ಬಾಯಲ್ಲಿ ‘ಹ’ ಆಯಿತು, ತೆಲುಗಿನಲ್ಲಿ ಹಾಗೇ ಉಳಿಯಿತು. ಲಿಪಿಯೂ ಅಕ್ಕತಂಗಿ: ನಮ್ಮ ತಲೆಕಟ್ಟು ಅಡ್ಡಗೆರೆ, ಅವರದು ಟಿಕ್ ಗುರುತಿನ ಹಾಗೆ. ಇದನ್ನು ಆ ಮೇಷ್ಟ್ರಿಗೆ ಹೇಳಿದೆ. ಮಾರನೇ ವಾರ ಅವರು ಬೋರ್ಡಿನ ಮೇಲೆ ಎರಡು ಪಟ್ಟಿ ಬರೆದು, “ಕನ್ನಡದಲ್ಲಿ ಇದಕ್ಕೆ ಏನಂತೀರಿ?” ಅಂತ ಕೇಳಿದರಂತೆ. ಆ ಪೀರಿಯಡ್ಡು ಮುಂದಿನ ಸಾಲು ಸುಮ್ಮನಿತ್ತು, ಹಿಂದಿನ ಸಾಲು ಕೂಗಾಡಿತು. ನಮ್ಮ ಹುಡುಗಿ ಮನೆಗೆ ಬಂದು ನನ್ನನ್ನೇ ಪರೀಕ್ಷೆ ಮಾಡಿದಳು: “ತಾತಾ, ಹಾವಿಗೆ ಪಾವು ಅನ್ನಲ್ಲ, ಪಾಮು ಅಂತಾರೆ. ಎಲ್ಲಾದಕ್ಕೂ ಸುಮ್ನೆ ಪ ಹಾಕಿಬಿಟ್ರೆ ಆಗಲ್ಲ!”

ಮೇಷ್ಟ್ರುಗಳ ಕಷ್ಟವೂ ಹೇಳಬೇಕು. ಅನೇಕ ಕಡೆ ಐದು ತರಗತಿಗೆ ಇಬ್ಬರೇ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಅರವತ್ತು ಮಕ್ಕಳವರೆಗೆ ಇಬ್ಬರು ಇದ್ದರೆ ಸಾಕು, ತರಗತಿ ಐದಿದ್ದರೂ ಅಷ್ಟೇ. 2022ರಲ್ಲಿ ಮೂರು, ನಾಲ್ಕು, ಐದನೇ ತರಗತಿಗಳನ್ನು ಹೈಸ್ಕೂಲಿಗೆ ಜೋಡಿಸುವ ಆದೇಶ ಬಂತು, 2025ರಲ್ಲಿ ಅದನ್ನು ವಾಪಸು ತೆಗೆದರು. ಈ ಎಳೆದಾಟದಲ್ಲಿ ಯಾವ ಮೇಷ್ಟ್ರು ಯಾವ ಶಾಲೆಯಲ್ಲಿರುತ್ತಾರೆ ಅಂತಲೇ ಗೊತ್ತಾಗಲಿಲ್ಲ. ಹಾಜರಿ, ಊಟದ ಲೆಕ್ಕ ಎಲ್ಲಾ ಫೋನಿಗೆ ಹಾಕಬೇಕು. ಮೂರು ಸೆಕೆಂಡು ಕಾಯಿ ಅಂದರೆ ಅವರಿಗೆ ನಗು ಬರಬಹುದು.

ಆದರೆ ಕಾನೂನು ನಮ್ಮ ಕಡೆ ಇದೆ. ಮಗುವಿನ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡಿ ಅಂತ ಸಂವಿಧಾನದ 350-ಎ ವಿಧಿ 1956ರಿಂದಲೂ ಹೇಳುತ್ತಿದೆ. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಚಟುವಟಿಕೆಯಿಂದ ಕಲಿಸಿ, ಸಾಧ್ಯವಾದಷ್ಟೂ ಮಗುವಿನ ಮಾತಿನಲ್ಲೇ ಕಲಿಸಿ ಅನ್ನುತ್ತೆ. ನಾವು ಗಡಿಯ ಕನ್ನಡಿಗರು ಇದರಲ್ಲಿ ಮೊದಲರ್ಧ ಮಾತ್ರ ಹಿಡಿದುಕೊಂಡಿದ್ದೇವೆ. ಕನ್ನಡ ಮೇಷ್ಟ್ರ ಹುದ್ದೆ ತುಂಬಿಸಿ ಅಂತ ಅರ್ಜಿ ಕೊಡ್ತೀವಿ, ನವೆಂಬರ್‌ನಲ್ಲಿ ಬಾವುಟ ಕಟ್ಟುತ್ತೀವಿ. ಅದು ಬೇಕು. ಹುದ್ದೆ ತುಂಬಿದ ಕನ್ನಡ ಶಾಲೆಯಲ್ಲೂ ಐದು ಮಕ್ಕಳೇ ಮಾತಾಡಿ ಮಿಕ್ಕವು ರಾಗ ಎಳೆಯುವುದಾದರೆ ಏನು ಬಂತು? ಶಾಲೆಯಲ್ಲಿ ಮಗು ಮಾತಾಡಲ್ಲ ಅಂತಲೇ ನಾವು ಅದನ್ನು ಬಿಡಿಸಿ ಪಟ್ಟಣದ ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿಸುತ್ತೀವಿ. ಹಾಗೆ ಹತ್ತಿಸಿ ಹತ್ತಿಸಿಯೇ ಶಾಲೆ ಖಾಲಿಯಾಗುವುದು, ಹುದ್ದೆ ಹೋಗುವುದು.

ಅದೇ ಕಾಯ್ದೆ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ನಾವೇ, ಅಂದರೆ ಪೋಷಕರೇ. ನಮ್ಮೂರಲ್ಲಿ ಆ ಸಮಿತಿ ಇದುವರೆಗೆ ಮಾತಾಡಿದ್ದು ಕಾಂಪೌಂಡು ಗೋಡೆ, ಮೊಟ್ಟೆ, ಬೋರಿನ ಮೋಟಾರು. ಈ ತಿಂಗಳು ನಮ್ಮ ಕಡೆಯಿಂದ ನಾಲ್ಕು ಜನ ಹೋಗ್ತಿದ್ದೀವಿ, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು. ಮೇಷ್ಟ್ರ ಮೇಲೆ ದೂರು ಹೇಳೋಕಲ್ಲ. ನಿನ್ನೆ ತರಗತಿಯಲ್ಲಿ ಎಷ್ಟು ಮಕ್ಕಳು ಬಾಯಿ ಬಿಟ್ಟರು ಅಂತ ಒಂದೇ ಪ್ರಶ್ನೆ ಕೇಳಿ, ಉತ್ತರವನ್ನು ಸಭೆಯ ಪುಸ್ತಕದಲ್ಲಿ ಬರೆಸೋಣ ಅಂತ. ಸಭೆ ಹತ್ತು ಗಂಟೆಗೆ. ಬೆಳಗಿನ ಸೊಪ್ಪು ಹಾಕಿಬಿಟ್ಟು ಹೊರಡಬೇಕು.