ಮಕ್ಕಳ ಪ್ರಶ್ನೆಗೂ ಒಂದು ಕಾಲಂ ಇರಲಿ

ಬೋಧನಾಭ್ಯಾಸದ ಎರಡನೆಯ ವಾರ ಎಂಟನೆಯ ತರಗತಿಗೆ ‘ಪ್ರಾಣಿಗಳಲ್ಲಿ ಸಂತಾನೋತ್ಪತ್ತಿ’ ಪಾಠ ಮಾಡಬೇಕಿತ್ತು. ಬಾಹ್ಯ ನಿಶೇಚನಕ್ಕೆ ಕಪ್ಪೆಯ ಚಾರ್ಟ್ ಸಿದ್ಧಮಾಡಿದ್ದೆ. ಅದಕ್ಕೆ ಮೊದಲಿನ ಭಾನುವಾರ ಮಂಗಳೂರಿನ ಸೋದರಮಾವನ ಮನೆಯಲ್ಲಿ ಕಂಡದ್ದು ಆ ಯೋಜನೆಯನ್ನೇ ಬದಲಿಸಿತು.

ಮಾವನ ಉಪ್ಪುನೀರಿನ ಅಕ್ವೇರಿಯಂನಲ್ಲಿ ಒಂದೇ ಜಾತಿಯ ಎರಡು ಸೀ ಅರ್ಚಿನ್‌ಗಳಿವೆ. ನಕ್ಷತ್ರಮೀನಿನಂತೆ ಇವೂ ಕಂಟಕಚರ್ಮಿಗಳು, ಮೈತುಂಬ ಮುಳ್ಳು. ಅಂದು ನೀರು ಬದಲಿಸಿದ ಸ್ವಲ್ಪ ಹೊತ್ತಿಗೆ ಒಂದರ ನೆತ್ತಿಯಿಂದ ಊದುಬತ್ತಿಯ ಹೊಗೆಯಂತೆ ಬಿಳಿ ಎಳೆ ಏಳತೊಡಗಿತು. ಬಳಿಕ ಇನ್ನೊಂದರಿಂದ ಹಳದಿ ಹುಡಿಯಂಥದ್ದು ಬಂತು. ಸಾಯುತ್ತಿವೆಯೇನೋ ಎಂದು ಮಾವ ಗಾಬರಿಯಾದರು. ಆದರೆ ಬಿಳಿಯದು ವೀರ್ಯ, ಹಳದಿಯದು ಅಂಡಗಳು. ನೆತ್ತಿಯ ಐದು ರಂಧ್ರಗಳಿಂದ ಹೊರಬರುತ್ತವೆ. ನೀರಿನ ಉಷ್ಣತೆಯ ಏರಿಳಿತವೂ ಇದಕ್ಕೆ ಪ್ರಚೋದನೆಯಾಗಬಹುದು. ಒಂದು ಶುರುಮಾಡಿದರೆ ಪಕ್ಕದ್ದೂ ಶುರುಮಾಡುವುದುಂಟು. ನಾನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡೆ.

ತರಗತಿಯಲ್ಲಿ ಅದನ್ನೇ ತೋರಿಸಿದೆ. ನಾನು ಪ್ರಶ್ನೆ ಕೇಳುವ ಮೊದಲೇ ಹುಡುಗಿಯೊಬ್ಬಳು ಕೇಳಿದಳು: “ಅಷ್ಟೊಂದು ಯಾಕೆ ಬಿಡುವುದು ಟೀಚರ್?” ಹಿಂದಿನ ಬೆಂಚಿನ ಹುಡುಗ ಉತ್ತರಿಸಿದ: “ಸಮುದ್ರದಲ್ಲಿ ಅಲೆ ಉಂಟಲ್ಲ, ಕೊಚ್ಚಿಕೊಂಡು ಹೋಗ್ತದೆ. ಸ್ವಲ್ಪವಾದರೂ ಉಳಿಯಬೇಡವಾ?” ನಾನು ವಿವರಿಸಬೇಕಿದ್ದ ಅಂಶವನ್ನು ಅವರೇ ಕಟ್ಟಿಕೊಂಡಿದ್ದರು.

ಅವಳ ಮುಂದಿನ ಪ್ರಶ್ನೆ ಕಷ್ಟದ್ದು: “ಹಾಗಾದರೆ ಮರಿಗಳೆಲ್ಲಿ?”

ನೀರು ಕೆಟ್ಟು ಮೀನುಗಳು ಸತ್ತಾವೆಂದು ನಾವು ಆ ರಾತ್ರಿ ಮತ್ತೆ ನೀರು ಬದಲಿಸಿದ್ದೆವು. ಉಳಿದದ್ದನ್ನು ಫಿಲ್ಟರ್ ಸೆಳೆದಿತ್ತು. ಹಾಗೆಯೇ ಹೇಳಿದೆ. ತರಗತಿ ಸುಮ್ಮನಾಯಿತು. ಒಂದು ಲೋಟ ನೀರು ತೆಗೆದಿಟ್ಟಿದ್ದರೆ ಮರುದಿನ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಈಜಾಡುವ ಭ್ರೂಣಗಳು ಕಾಣಸಿಗುತ್ತಿದ್ದವೇನೋ. ನನಗೆ ಹೊಳೆದಿರಲಿಲ್ಲ ಎಂದೂ ಒಪ್ಪಿಕೊಂಡೆ. ಅಂಡ ಮತ್ತು ವೀರ್ಯಾಣುವಿನ ಕೋಶಕೇಂದ್ರಗಳು ಒಂದಾಗುವುದನ್ನು 1876ರಲ್ಲಿ ಆಸ್ಕರ್ ಹರ್ಟ್‌ವಿಗ್ ವಿವರಿಸಿದ್ದು ಸೀ ಅರ್ಚಿನ್‌ನ ಅಂಡವನ್ನು ನೋಡಿಯೇ ಎಂದಾಗ ಮಕ್ಕಳು ಮತ್ತೆ ಕಿವಿಗೊಟ್ಟರು.

ಅಷ್ಟರಲ್ಲಿ ಗಂಟೆ ಹೊಡೆಯಿತು. ನನ್ನ ಐದು ಮೌಲ್ಯಮಾಪನ ಪ್ರಶ್ನೆಗಳು ಹಾಗೆಯೇ ಉಳಿದವು. ಮಾರ್ಗದರ್ಶಕರು ‘ಮೌಲ್ಯಮಾಪನ ಅಪೂರ್ಣ’ ಎಂದು ಬರೆದು ಅಂಕ ಕಡಿಮೆ ಮಾಡಿದರು. ನಮೂನೆಯ ಪ್ರಕಾರ ಅದು ಸರಿ. ನನ್ನ ತಕರಾರು ನಮೂನೆಯ ಬಗ್ಗೆ. ಅದರಲ್ಲಿರುವ ಪ್ರಶ್ನೆಗಳೆಲ್ಲ ಶಿಕ್ಷಕರವೇ. ಮಕ್ಕಳು ಕೇಳಿದ್ದನ್ನು ಬರೆಯಲು ಜಾಗವಿಲ್ಲ. ಒಂದು ಕಾಲಂ, ಐದು ನಿಮಿಷ ಅದಕ್ಕೂ ಇರಲಿ. ನಿಶೇಚನದ ನಂತರ ಮರಿ ಇರಬೇಕೆಂದು ತಿಳಿದವಳು ಮಾತ್ರ ‘ಮರಿಗಳೆಲ್ಲಿ’ ಎಂದು ಕೇಳಬಲ್ಲಳು. ಆ ದಿನದ ಮೌಲ್ಯಮಾಪನ ಅದೇ ಆಗಿತ್ತು.